ಬಾಡಿದ ಆಫ್ರಿಕನ್ ವಯೋಲೆಟ್: ಗಡಸು ನೀರು, ಉರಿ ಬಿಸಿಲಿನ ಸೀಮೆಯಲ್ಲಿ ದೋಷ ಹುಡುಕುವ ಕ್ರಮ

ಆಫ್ರಿಕನ್ ವಯೋಲೆಟ್ ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಹೂಗಿಡ. ಅದರ ಎಲೆ ಜೋತು ಬಿದ್ದದ್ದು ಕಂಡ ಕೂಡಲೇ ಕೈ ತಂಬಿಗೆಯತ್ತ ಹೋಗುತ್ತದೆ. ಕಲಬುರಗಿ, ಬೀದರ, ಯಾದಗಿರಿಯ ಮನೆಗಳಲ್ಲಿ ಈ ಗಿಡ ಬಹಳ ಸಲ ಕೆಡುವುದು ಆ ತಂಬಿಗೆ ನೀರಿನಿಂದಲೇ. ಬಾಯಾರಿದ ಗಿಡವೂ ಬಾಡುತ್ತದೆ, ಬೇರು ಕೊಳೆತ ಗಿಡವೂ ಬಾಡುತ್ತದೆ. ಮೇಲಿನಿಂದ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೊದಲನೆಯದಕ್ಕೆ ನೀರೇ ಮದ್ದು, ಎರಡನೆಯದಕ್ಕೆ ಅದೇ ನೀರು ವಿಷ. ಆದ್ದರಿಂದ ನೀರು ಹಾಕುವ ಮೊದಲು ಕುಂಡವನ್ನು ಕೈಯಲ್ಲಿ ಎತ್ತಿ ನೋಡಿ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ ತುಂಬಿದ ನಾಲ್ಕು ಇಂಚಿನ ಪ್ಲಾಸ್ಟಿಕ್ ಕುಂಡ ಒಣಗಿದಾಗ ಖಾಲಿ ಕುಂಡದಷ್ಟೇ ಹಗುರ ಅನಿಸುತ್ತದೆ. ಹಗುರವಿದ್ದು ಬೆರಳಿಗೆ ತೇವ ತಗಲದಿದ್ದರೆ ಅದು ಬಾಯಾರಿಕೆ. ಒಂದು ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ಉಗುರು ಬೆಚ್ಚಗಿನ ನೀರು ಹಾಕಿ, ಕುಂಡವನ್ನು ಅದರಲ್ಲಿ ಅರ್ಧ ಗಂಟೆ ಇಟ್ಟು, ಮೇಲ್ಮೈ ತೇವವಾದ ಮೇಲೆ ತೆಗೆದು ಬಸಿಯಲು ಬಿಡಿ. ಪೂರ್ತಿ ಒಣಗಿದ ಕೊಕೊಪೀಟ್ ಮೇಲಿನಿಂದ ಹಾಕಿದ ನೀರನ್ನು ಹಿಡಿಯುವುದಿಲ್ಲ, ನೀರು ಅಂಚಿನಿಂದ ಜಾರಿ ಹೋಗುತ್ತದೆ. ಹೀಗಾಗಿ ಕೆಳಗಿನಿಂದ ಕುಡಿಸುವುದೇ ಸರಿ. ಸಂಜೆಯೊಳಗೆ ಎಲೆಗಳು ಏಳಬೇಕು.

ಕುಂಡ ಭಾರವಿದೆ, ಮಿಶ್ರಣ ತೇವವಿದೆ, ಆದರೂ ಎಲೆ ಜೋತಿದೆ ಎಂದಾದರೆ ಬೇರು ಹೋಗಿದೆ. ಬಹಳ ಸಲ ಇದರ ಅರ್ಥ ಅದೇ. ಒಂದು ಹನಿಯೂ ಹಾಕದೆ ಅಂಗೈಯಲ್ಲಿ ಗಿಡ ಹಿಡಿದು ಕುಂಡ ಮಗುಚಿ ಹೊರತೆಗೆಯಿರಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು, ದಾರದಷ್ಟು ಸಣ್ಣ, ಎಳೆದರೆ ತಡೆಯುತ್ತದೆ. ಕೊಳೆತ ಬೇರು ಕಡು ಕಂದು, ಮೆತ್ತಗೆ. ಎಳೆದರೆ ಸಿಪ್ಪೆ ಕಳಚಿ ಒಳಗಿನ ಎಳೆ ಮಾತ್ರ ಕೈಗೆ ಬರುತ್ತದೆ.

ಮುಂದಿನ ಪ್ರಶ್ನೆ ಕಾಂಡದ್ದು. ಬ್ಲೇಡನ್ನು ಕುದಿಯುವ ನೀರಿನಲ್ಲಿ ಅದ್ದಿ, ಕೊಳೆತ ಭಾಗದಿಂದ ಶುರು ಮಾಡಿ ಮೇಲಕ್ಕೆ ತೆಳ್ಳಗೆ ಕತ್ತರಿಸುತ್ತ ಹೋಗಿ. ಕಂದು ಕಲೆ ಒಂದೂ ಇಲ್ಲದ ತಿಳಿ ಹಸಿರು ಕಾಂಡ ಸಿಕ್ಕರೆ ಗಿಡ ಉಳಿಯುತ್ತದೆ. ಸುಳಿಯವರೆಗೂ ಕಂದು ಬಣ್ಣ ಏರಿದ್ದರೆ ಅದು ಸುಳಿ ಕೊಳೆ. ಅಲ್ಲಿ ಕಾಂಡ ಉಳಿಸುವ ಆಸೆ ಬಿಟ್ಟು ಗಟ್ಟಿಯಾದ ಒಂದೆರಡು ಎಲೆ ಕಿತ್ತುಕೊಳ್ಳಿ. ಶಿಲೀಂಧ್ರನಾಶಕ ಸುರಿದರೆ ಕೊಳೆತ ಬೇರು ಮತ್ತೆ ಬರುವುದಿಲ್ಲ.

ಕಾಂಡ ಚೆನ್ನಾಗಿದ್ದರೆ ನಡುವಿನ ಐದಾರು ಎಲೆ ಮಾತ್ರ ಉಳಿಸಿ ಉಳಿದವನ್ನು ತೆಗೆಯಿರಿ. ಬೇರಿಲ್ಲದ ಕಾಂಡ ಅಷ್ಟಕ್ಕಿಂತ ಹೆಚ್ಚು ಎಲೆಗೆ ನೀರು ಒದಗಿಸಲಾರದು. ಹೂವು, ಮೊಗ್ಗು ಎಲ್ಲವೂ ಹೋಗಲಿ. ಕಾಂಡದ ಕಂದು ತೊಗಟೆಯನ್ನು ಮೆಲ್ಲಗೆ ಕೆರೆಯಿರಿ, ಹೊಸ ಬೇರು ಅಲ್ಲಿಂದ ಹೊರಡುತ್ತದೆ. ಎರಡೂವರೆ ಇಂಚಿನ ಕುಂಡದಲ್ಲಿ ಹೊಸ ಮಿಶ್ರಣ ತುಂಬಿ, ಕೆಳಗಿನ ಎಲೆಯ ತೊಟ್ಟಿನವರೆಗೆ ಕಾಂಡ ಹುಗಿದು, ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಇಡಿ. ಮಿಶ್ರಣ ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು. ಡಬ್ಬಿ ಬೆಳಕಿನಲ್ಲಿರಲಿ, ಬಿಸಿಲು ಬೀಳಬಾರದು. ಮುಚ್ಚಿದ ಡಬ್ಬಿಗೆ ಹತ್ತು ನಿಮಿಷದ ಬಿಸಿಲು ಬಿದ್ದರೂ ಒಳಗಿನ ಗಿಡ ಬೆಂದು ಹೋಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ನಡುವಿನ ಎಲೆಗಳು ಸೆಟೆದು ಹೊಸ ಎಲೆ ಇಣುಕಿದರೆ ಬೇರು ಬಂದಿದೆ. ಮುಚ್ಚಳವನ್ನು ಒಮ್ಮೆಲೇ ತೆಗೆಯದೆ ಒಂದು ವಾರದುದ್ದಕ್ಕೂ ದಿನಕ್ಕಿಷ್ಟು ಸರಿಸುತ್ತ ಹೋಗಿ.

ಬೇರು ಯಾಕೆ ಕೊಳೆಯಿತು

ಹೆಚ್ಚು ನೀರು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಒಂದೇ ಅಳತೆಯ ನೀರು ಒಂದು ಮಿಶ್ರಣದಲ್ಲಿ ಹೆಚ್ಚಾಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಈ ಗಿಡದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಹೊಲದ ಎರೆ ಮಣ್ಣು ಒಂದು ಹಿಡಿ ಬೆರೆಸಿದರೂ ಸಾಕು, ಒದ್ದೆಯಾದಾಗ ಉಬ್ಬಿ ಗಾಳಿಯ ಸಂದು ಮುಚ್ಚುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಜೊತೆಗೆ ಅದು ಕ್ಷಾರ. ಜೋಳಕ್ಕೆ, ತೊಗರಿಗೆ ಅದಕ್ಕಿಂತ ಒಳ್ಳೆಯ ನೆಲವಿಲ್ಲ, ಈ ಗಿಡಕ್ಕೆ ಮಾತ್ರ ಬೇಡ. ಕೊಕೊಪೀಟ್ ಎರಡು ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಕಾಳು) ಎರಡು ಪಾಲು, ವರ್ಮಿಕ್ಯುಲೈಟ್ (ನೀರು ಹಿಡಿಯುವ ಪದರು ಪದರಾದ ಖನಿಜ) ಒಂದು ಪಾಲು ನಮ್ಮ ಕಡೆಗೆ ಹೊಂದುತ್ತದೆ. ಕುಂಡದಿಂದ ಕೆಳಗಿನ ನೀರಿನ ಡಬ್ಬಿಗೆ ಬತ್ತಿ ಇಳಿಬಿಟ್ಟು ನೀರು ಕುಡಿಸುವವರು ಪರ್ಲೈಟನ್ನು ಅರ್ಧಕ್ಕೆ ಏರಿಸಲಿ. ಪರ್ಲೈಟ್ ಚೀಲ ಬಿಚ್ಚುವ ಮೊದಲು ಒಳಗೆ ಸ್ವಲ್ಪ ನೀರು ಚಿಮುಕಿಸಿ, ಅದರ ದೂಳು ಮೂಗಿಗೆ ಒಳ್ಳೆಯದಲ್ಲ.

ಕೊಕೊಪೀಟ್ ಇಟ್ಟಿಗೆಯನ್ನು ತೊಳೆಯದೆ ಬಳಸಬೇಡಿ. ಅದರಲ್ಲಿ ಉಪ್ಪು ಉಳಿದಿರುತ್ತದೆ. ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಹೀಗೆ ಮೂರು ಸಲ ಮಾಡಿ. ಆಮೇಲೆ ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಬಿಟ್ಟು ಇನ್ನೊಮ್ಮೆ ತೊಳೆದರೆ ನಾರಿಗೆ ಅಂಟಿದ ಸೋಡಿಯಂ ಕೂಡ ಬಿಡುತ್ತದೆ.

ಕುಂಡದ ಅಳತೆಯೂ ನೋಡಬೇಕಾದದ್ದೇ. ಎಲೆಗಳ ಹರಹಿನ ಮೂರನೇ ಒಂದು ಭಾಗದಷ್ಟು ಅಗಲದ ಕುಂಡ ಸಾಕು: ಹನ್ನೆರಡು ಇಂಚು ಹರಡಿದ ಗಿಡಕ್ಕೆ ನಾಲ್ಕು ಇಂಚು. ಗಿಡ ಬೆಳೆಯಲಿ ಅಂತ ಪ್ರೀತಿಯಿಂದ ಎಂಟು ಇಂಚಿನದಕ್ಕೆ ಹಾಕಿದರೆ ಬೇರು ತಲುಪದ ಮಿಶ್ರಣ ವಾರಗಟ್ಟಲೆ ಒದ್ದೆಯಿದ್ದು ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಬೇಳೆ ಬೇಯದ ನೀರು

ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಸುಣ್ಣಕಲ್ಲು. ಸೇಡಂ, ವಾಡಿ, ಚಿತ್ತಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಕಲ್ಲಿಗಾಗಿಯೇ. ಅದೇ ಕಲ್ಲಿನ ಪದರಗಳ ನಡುವೆ ಇಳಿದ ನೀರು ಬೋರಿನಲ್ಲಿ ಮೇಲೆ ಬರುತ್ತದೆ, ಸುಣ್ಣ ಕರಗಿಸಿಕೊಂಡೇ ಬರುತ್ತದೆ. ಬೀದರ ಕೋಟೆಯ ಸುತ್ತಲಿನದು ಜಂಬಿಟ್ಟಿಗೆ ನೆಲ, ಯಾದಗಿರಿ ಬೆಟ್ಟದ ಬಂಡೆ ಗ್ರಾನೈಟು. ಹಾಗಂತ ಅಲ್ಲಿಯ ನೀರು ಮೆದು ಎಂದು ಊಹಿಸಿಕೊಂಡು ಕೂರಬೇಡಿ, ಬೋರಿನಿಂದ ಬೋರಿಗೆ ನೀರು ಬೇರೆ. ಅಡುಗೆಮನೆಯಲ್ಲೇ ಪರೀಕ್ಷೆಯಿದೆ. ತೊಗರಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿ ಉಳಿಯುತ್ತದೆಯೇ? ಗೀಸರ್ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆಯೇ? ಬ್ಯಾಳಿ ಬೇಯದ ನೀರು ಈ ಗಿಡಕ್ಕೂ ಆಗದು. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 200ರ ಒಳಗಿನ ನೀರು ನಿಶ್ಚಿಂತೆಯಿಂದ ಬಳಸಬಹುದು. 400 ದಾಟಿದ್ದನ್ನು ಹಾಗೆಯೇ ಹಾಕಬೇಡಿ.

ಗಡಸು ನೀರು ಎರಡು ಬೇರೆ ಬೇರೆ ತೊಂದರೆ ತರುತ್ತದೆ, ಎರಡನ್ನೂ ಗುರುತಿಸಬೇಕು. ಮೊದಲನೆಯದು ಉಪ್ಪು ಸೇರುವುದು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕುಂಡದ ಅಂಚಿನಲ್ಲಿ, ಮಿಶ್ರಣದ ಮೇಲೆ ಬಿಳಿ ಅಥವಾ ತುಕ್ಕು ಬಣ್ಣದ ಪದರು ಕಟ್ಟುತ್ತದೆ. ಆ ಅಂಚಿನ ಮೇಲೆ ಒರಗಿದ ಕೆಳ ಎಲೆಯ ತೊಟ್ಟು ಒರಗಿದ ಜಾಗದಲ್ಲೇ ಕಂದಾಗಿ, ಮೆತ್ತಗಾಗಿ ಮುರಿದು ಬೀಳುತ್ತದೆ. ಇದನ್ನು ರೋಗ ಎಂದುಕೊಂಡು ಔಷಧಿ ಹುಡುಕುವವರೇ ಹೆಚ್ಚು. ಅದು ಉಪ್ಪಿನ ಸುಟ್ಟ ಗಾಯ. ಮಣ್ಣಿನ ಕುಂಡದಲ್ಲಿ ಇದು ಬೇಗ ಬರುತ್ತದೆ, ಯಾಕೆಂದರೆ ಗೋಡೆಯೇ ನೀರು ಹೀರಿ ಅಂಚಿನಲ್ಲಿ ಉಪ್ಪು ಬಿಡುತ್ತದೆ. ಅಂಚಿಗೆ ಕರಗಿಸಿದ ಮೇಣ ಹಚ್ಚಿದರೆ ತೊಟ್ಟು ಉಳಿಯುತ್ತದೆ. ಪ್ಲಾಸ್ಟಿಕ್ ಕುಂಡಕ್ಕೆ ಬದಲಾಯಿಸುವುದು ಇನ್ನೂ ಒಳ್ಳೆಯದು.

ಪದರು ಕಂಡರೆ ಉಪ್ಪು ತೊಳೆಯಬೇಕು. ನಾಲ್ಕು ಇಂಚಿನ ಕುಂಡಕ್ಕೆ ಒಂದು ಲೀಟರ್ ಮೆದು ನೀರು ಉಗುರು ಬೆಚ್ಚಗೆ ಮಾಡಿ, ಸುಳಿಗೆ ತಾಗದಂತೆ ಮೂರು ಕಂತಿನಲ್ಲಿ, ಕಂತಿಗೊಮ್ಮೆ ಹತ್ತು ನಿಮಿಷ ಬಿಟ್ಟು ಮೇಲಿನಿಂದ ಹಾಕಿ. ಎಲ್ಲವೂ ಕೆಳಗೆ ಹರಿದು ಹೋಗಲಿ, ತಟ್ಟೆಯಲ್ಲಿ ನಿಲ್ಲಬಾರದು. ಕೆಳಗಿನಿಂದಲೇ ನೀರು ಕುಡಿಸುವ ಕುಂಡಕ್ಕೆ, ಬತ್ತಿಯ ಕುಂಡಕ್ಕೆ ತಿಂಗಳಿಗೊಮ್ಮೆ ಇದು ಕಡ್ಡಾಯ. ಅಲ್ಲಿ ಉಪ್ಪಿಗೆ ಮೇಲೇರುವ ದಾರಿಯಿದೆ, ಹೊರಹೋಗುವ ದಾರಿಯಿಲ್ಲ. ಬೇರು ಕೊಳೆತ ಗಿಡಕ್ಕೆ ಮಾತ್ರ ಹೀಗೆ ತೊಳೆಯಬೇಡಿ, ಅದಕ್ಕೆ ಹೊಸ ಮಿಶ್ರಣವೇ ಬೇಕು.

ಎರಡನೆಯದು ಕ್ಷಾರ. ಎಳೆ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಿಶ್ರಣದಲ್ಲಿ ಕಬ್ಬಿಣ ಇದ್ದರೂ ಪಿಎಚ್ (ಹುಳಿ-ಕ್ಷಾರದ ಅಳತೆ) ಏಳು ದಾಟಿದ ಮೇಲೆ ಬೇರಿಗೆ ಅದು ಸಿಗುವುದಿಲ್ಲ. ಈ ಗಿಡಕ್ಕೆ 5.8ರಿಂದ 6.5 ಹಿತ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಲೆಕ್ಕ ಬೇರೆ: ಒಂದೆರಡಾದರೆ ವಯಸ್ಸು, ಒಮ್ಮೆಗೇ ನಾಲ್ಕೈದಾದರೆ ಗೊಬ್ಬರದ ಕೊರತೆ ಅಥವಾ ಬೇರಿನ ತೊಂದರೆ. ಮೇಲಿನ ಎಲೆಯೋ ಕೆಳಗಿನ ಎಲೆಯೋ ಎಂದು ನೋಡದೆ ಹಳದಿಗೆ ಮದ್ದು ಮಾಡಬಾರದು.

ನೀರನ್ನು ಸರಿಪಡಿಸುವ ದಾರಿಗಳಲ್ಲಿ ಮಳೆ ನೀರಿಗೆ ಸಮ ಯಾವುದೂ ಇಲ್ಲ. ಮಿರಗ ಮಳೆಯ ಮೊದಲ ಎರಡು ಮೂರು ಹೊಡೆತಕ್ಕೆ ಮಾಳಿಗೆ ತೊಳೆದು ಹೋಗಲಿ, ಆಮೇಲಿನದನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿಯಿರಿ. ವಯೋಲೆಟ್ ಕುಂಡವೊಂದು ವಾರಕ್ಕೆ ಸಾಮಾನ್ಯವಾಗಿ ಒಂದೆರಡು ಲೋಟಕ್ಕಿಂತ ಹೆಚ್ಚು ಕುಡಿಯುವುದಿಲ್ಲ, ಹಾಗಾಗಿ ಒಂದು ಡ್ರಮ್ ಬಹಳ ದಿನ ಬರುತ್ತದೆ. ಅದಿಲ್ಲದಿದ್ದರೆ ಶುದ್ಧ ನೀರಿನ ಘಟಕದ ಕ್ಯಾನ್ (ಆರ್‌ಓ) ನೀರು ನಾಲ್ಕು ಪಾಲು, ಬೋರಿನ ನೀರು ಒಂದು ಪಾಲು. ಬರೀ ಆರ್‌ಓ ನೀರೇ ಹಾಕುತ್ತಿದ್ದರೆ ಕ್ಯಾಲ್ಸಿಯಂ ಸಿಗದೆ ಬೇರೊಂದು ಕೊರತೆ ಬರುತ್ತದೆ, ಅದಕ್ಕೇ ಆ ಒಂದು ಪಾಲು. ಕುದಿಸಿ, ಆರಿಸಿ, ತಳದ ಸುಣ್ಣ ಕಲಕದಂತೆ ಮೇಲಿನ ತಿಳಿ ಬಗ್ಗಿಸಿಕೊಂಡರೂ ಗಡಸುತನ ಕಡಿಮೆಯಾಗುತ್ತದೆ. ಸವಳು ಮಾತ್ರ ಕುದಿಸಿದರೆ ಹೋಗದು. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, 10 ಲೀಟರಿಗೆ 2 ಗ್ರಾಂ ಕರಗಿಸಿ ಒಂದು ಗಂಟೆ ಬಿಟ್ಟು ಪಿಎಚ್ ಪಟ್ಟಿಯಿಂದ ನೋಡಿ, 6ರಿಂದ 6.5 ಬಂದರೆ ಸರಿ, ಇಲ್ಲದಿದ್ದರೆ ಅರ್ಧರ್ಧ ಗ್ರಾಂ ಸೇರಿಸಿ. ಇದು ಕ್ಷಾರವನ್ನಷ್ಟೇ ಇಳಿಸುತ್ತದೆ, ಉಪ್ಪನ್ನಲ್ಲ. ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟನರಿನ ನೀರು, ಆರ್‌ಓ ಹೊರಬಿಡುವ ತ್ಯಾಜ್ಯ ನೀರು ಎರಡೂ ಖಂಡಿತ ಬೇಡ: ಮೊದಲನೆಯದರಲ್ಲಿ ಸೋಡಿಯಂ, ಎರಡನೆಯದರಲ್ಲಿ ಮೂಲ ನೀರಿಗಿಂತ ಹೆಚ್ಚು ಉಪ್ಪು.

ಸುಳಿ ಬಿಗಿದುಕೊಂಡಿದೆ

ನಡುವಿನ ಎಲೆಗಳು ಅರಳದೆ ಒಂದಕ್ಕೊಂದು ಒತ್ತಿಕೊಂಡು ಕೂತರೆ ಅನುಭವಿಗಳೂ ತಪ್ಪುವುದುಂಟು. ಕಾರಣ ಮೂರು, ಮದ್ದು ಮೂರು ಬಗೆ. ಭೂತಗನ್ನಡಿ ಹಿಡಿದು ಹಗಲು ಬೆಳಕಿನಲ್ಲಿ ನೋಡಿ.

ಸುಳಿಯ ರೋಮಗಳ ಮೇಲೆ ತುಕ್ಕು ಬಣ್ಣದ ಸಣ್ಣ ಹರಳುಗಳು ಕಂಡರೆ ಗೊಬ್ಬರ ಹೆಚ್ಚಾಗಿದೆ. ಅಂಗಡಿಯಲ್ಲಿ ಸಿಗುವ 19:19:19 ಗೊಬ್ಬರವನ್ನು ಲೀಟರಿಗೆ ಎರಡು ಮೂರು ಗ್ರಾಂ ಹಾಕುವುದು ಹೊಲದ ಸಿಂಪಡಣೆಯ ಅಳತೆ. ಇಲ್ಲಿ ಲೀಟರಿಗೆ ಕಾಲು ಗ್ರಾಂ ಸಾಕು, ಅಂದರೆ ಐದು ಲೀಟರಿಗೆ ಕಾಲು ಟೀ ಚಮಚ. ಉಪ್ಪು ತೊಳೆದು ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

ಎಲೆಗಳು ಬಿಳಿಚಿಕೊಂಡು, ಚಿಕ್ಕದಾಗಿ, ಅಂಚು ಕೆಳಕ್ಕೆ ಬಾಗಿ ಕುಂಡವನ್ನು ತಬ್ಬಿಕೊಂಡಂತಿದ್ದರೆ ಬೆಳಕು ಹೆಚ್ಚಾಗಿದೆ. ಗಿಡದ ಮೇಲೆ ಟ್ಯೂಬ್‌ಲೈಟ್ ಕಟ್ಟಿದ್ದರೆ ಅದನ್ನು ಹತ್ತು ಸೆಂಟಿಮೀಟರ್ ಮೇಲಕ್ಕೆ ಏರಿಸಿ, ಅಥವಾ ಕಿಟಕಿಗೆ ತೆಳು ಬಿಳಿ ಪರದೆ ಹಾಕಿ.

ಸುಳಿ ಬೂದು ಬಣ್ಣಕ್ಕೆ ತಿರುಗಿ, ರೋಮ ದಟ್ಟವಾಗಿ, ಎಳೆ ಎಲೆ ಮುಟ್ಟಿದರೆ ಪಟಕ್ಕನೆ ಮುರಿಯುವಂತಿದ್ದು, ಹೂವಿನ ತೊಟ್ಟು ತಿರುಚಿಕೊಂಡಿದ್ದರೆ ಸೈಕ್ಲಮೆನ್ ಮೈಟ್ ನುಸಿ. ಬರಿಗಣ್ಣಿಗೆ ಕಾಣದು, ಉದ್ದ ಕಾಲು ಮಿಲಿಮೀಟರ್. ಇದು ತಂಪು, ತೇವ ಇರುವಾಗ ಹೆಚ್ಚುತ್ತದೆ. ಆದ್ದರಿಂದ ಏಪ್ರಿಲ್‌ನ ಒಣ ಉರಿಯಲ್ಲಿ ಸುಳಿ ಬಿಗಿದರೆ ಮೊದಲು ಉಪ್ಪನ್ನು ಅನುಮಾನಿಸಿ, ಶ್ರಾವಣದಲ್ಲಿ ಬಿಗಿದರೆ ನುಸಿಯನ್ನು. ನುಸಿ ಖಚಿತವಾದರೆ ಗಿಡವನ್ನು ಚೀಲದಲ್ಲಿ ಕಟ್ಟಿ ಎಸೆಯುವುದೇ ಉಚಿತ, ಎಷ್ಟೇ ಅಪರೂಪದ ಬಣ್ಣವಿರಲಿ. ಅದರ ಮೇಲೆ ಹೊಡೆಯುವ ನುಸಿನಾಶಕಗಳು ಮಲಗುವ ಕೋಣೆಯಲ್ಲಿ ಬಳಸುವಂಥವಲ್ಲ. ಪಕ್ಕದ ಗಿಡಗಳನ್ನು ಎರಡು ತಿಂಗಳು ಬೇರೆ ಇಟ್ಟು ನೋಡಿ, ಪ್ರತಿ ಸಲ ಕೈ ತೊಳೆಯಿರಿ.

ಬೇಸಿಗೆ

ಈ ಗಿಡ 1892ರಲ್ಲಿ ಇಂದಿನ ಟಾಂಜಾನಿಯಾದ ಉಸಂಬಾರಾ ಬೆಟ್ಟಗಳಿಂದ ಜರ್ಮನಿಗೆ ಹೋದದ್ದು. ಕಳಿಸಿದ ಜರ್ಮನ್ ಅಧಿಕಾರಿ ವಾಲ್ಟರ್ ವಾನ್ ಸೇಂಟ್ ಪಾಲ್ ಹೆಸರಿನಿಂದ ಮರುವರ್ಷ ಅದರ ಶಾಸ್ತ್ರೀಯ ಹೆಸರು ಸೇಂಟ್‌ಪಾಲಿಯಾ ಎಂದಾಯಿತು. ಮರದ ನೆರಳಲ್ಲಿ, ಪಾಚಿ ಹಿಡಿದ ಬಂಡೆ ಸಂದಿನಲ್ಲಿ ಬೆಳೆಯುವ ಗಿಡ. ಅದಕ್ಕೆ ಹಿತವಾದ ಶಾಖ 18ರಿಂದ 27 ಡಿಗ್ರಿ, ನಮ್ಮ ಮೇ ತಿಂಗಳು 40 ದಾಟುತ್ತದೆ. 32ರ ಮೇಲೆ ಬೆಳವಣಿಗೆ ನಿಲ್ಲುತ್ತದೆ, ಮೊಗ್ಗು ಅರಳದೆ ಒಣಗಿ ಉದುರುತ್ತದೆ. ಬೇರು ನೀರೆಳೆಯುವುದೂ ಕುಗ್ಗುತ್ತದೆ. ಬಿಸಿಲು ಹೆಚ್ಚಿತೆಂದು ನೀರು ಹೆಚ್ಚಿಸುವುದರಿಂದ ಬೇಸಿಗೆಯಲ್ಲಿ ಸಾಯುವ ಗಿಡಗಳೇ ಬಹಳ.

ಹೋಳಿಯ ಸುಮಾರಿಗೆ ಬರುವ ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ತಯಾರಿ ಆಗಿರಬೇಕು. ಪಶ್ಚಿಮದ ಕಿಟಕಿಯಿಂದ ಗಿಡ ತೆಗೆಯಿರಿ. ಉತ್ತರದ ಕಿಟಕಿ ಅಥವಾ ನಡುಮನೆಯ ನೆಲ ಸೂಕ್ತ. ಗೋಡೆಯ ಮೇಲಿನ ಕಪಾಟಿಗಿಂತ ಪರಸಿ ನೆಲದ ಹತ್ತಿರ ಗಾಳಿ ತಂಪು. ಬೆಳಕಿಂಡಿಯಿರುವ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ದಪ್ಪ ಗೋಡೆಯ ಆ ತಂಪು ಈ ಗಿಡಕ್ಕೆ ಒಗ್ಗುತ್ತದೆ. ಬೆಳಕಿಂಡಿಯ ಬಿಸಿಲಿನ ಮಚ್ಚೆ ಮಾತ್ರ ಎಲೆಯ ಮೇಲೆ ಬೀಳದ ಜಾಗ ನೋಡಿಕೊಳ್ಳಿ. ಇದ್ದ ಮೊಗ್ಗನ್ನೆಲ್ಲ ಚಿವುಟಿ, ಗೊಬ್ಬರ ನಿಲ್ಲಿಸಿ, ಬತ್ತಿ ಕಳಚಿ. ಬತ್ತಿಯ ಡಬ್ಬಿಯಲ್ಲಿ ನೀರು ಬೆಚ್ಚಗಾಗಿ ನಿಂತರೆ ಬೇರಿನ ಕೊಳೆ ಎರಡು ಮೂರು ದಿನದಲ್ಲಿ ಹರಡುತ್ತದೆ.

ಕೂಲರ್ ಈ ಗಿಡಕ್ಕೆ ವರ, ಶಾಖ ಇಳಿಸುತ್ತದೆ, ಗಾಳಿಗೆ ತೇವ ಕೊಡುತ್ತದೆ. ಗಿಡವನ್ನು ಅದರ ಎದುರಿಗೆ ಇಡದೆ ಪಕ್ಕಕ್ಕೆ, ಒಂದೂವರೆ ಎರಡು ಮೀಟರ್ ದೂರಕ್ಕೆ ಇಡಿ. ಎದುರಿಗಿದ್ದರೆ ಬೋರಿನ ನೀರಿನ ತುಂತುರು ಎಲೆ ಮೇಲೆ ಕೂತು ಬಿಳಿ ಚುಕ್ಕೆ ಬಿಡುತ್ತದೆ. ಕಿಟಕಿ ಬಾಗಿಲು ಪೂರ್ತಿ ಮುಚ್ಚಿ ಕೂಲರ್ ಹಾಕಿದರೆ ಕೋಣೆ ಜಿಗುಟಾಗಿ ಬೂಷ್ಟು ಬರುತ್ತದೆ, ಒಂದು ಸಂದು ತೆರೆದಿರಲಿ.

ಎಲೆಯ ಮೇಲೆ ಬಳೆಯಾಕಾರದ ಕಲೆ

ಹಳದಿ ಅಥವಾ ಬಿಳಿ ಉಂಗುರ, ಗೆರೆ: ಇದು ರೋಗವಲ್ಲ. ಎಲೆಗಿಂತ ಬಹಳ ತಣ್ಣಗಿನ ನೀರು ಎಲೆ ಮೇಲೆ ಬಿದ್ದ ಗುರುತು. ಬೀದರಿನಲ್ಲಿ ಎಳ್ಳ ಅಮಾವಾಸ್ಯೆಯ ಸುಮಾರಿಗೆ ರಾತ್ರಿ ಶಾಖ 12 ಡಿಗ್ರಿಗೆ ಇಳಿಯುವುದುಂಟು, ಬೆಳಿಗ್ಗೆ ಮಾಳಿಗೆ ಟ್ಯಾಂಕಿನ ನಳದ ನೀರು ಕೊರೆಯುತ್ತದೆ. ಅದೇ ಟ್ಯಾಂಕಿನ ನೀರು ಮೇ ಮಧ್ಯಾಹ್ನ ಕೈ ಸುಡುತ್ತದೆ. ನೀರನ್ನು ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಹಿಡಿದು ಗಿಡದ ಕೋಣೆಯಲ್ಲೇ ಇಟ್ಟರೆ ಎರಡೂ ತಪ್ಪುತ್ತವೆ. ಆದ ಕಲೆ ಹೋಗುವುದಿಲ್ಲ, ಹೊಸ ಎಲೆ ಚೆನ್ನಾಗಿ ಬರುತ್ತದೆ.

ಚಳಿಗಾಲದಲ್ಲೇ ಎಲೆ, ಹೂದೊಟ್ಟಿನ ಮೇಲೆ ಬಿಳಿ ಹುಡಿ ಕಂಡರೆ ಬೂದಿ ರೋಗ. ಹಗಲು ಬಿಸಿ, ರಾತ್ರಿ ತಂಪು, ಗಾಳಿಯಾಡದ ಮೂಲೆ ಮೂರೂ ಕೂಡಿದಾಗ ಬರುತ್ತದೆ. ಕುಂಡಗಳ ನಡುವೆ ಅಂತರ ಬಿಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿಸಿ. ಹೋಗದಿದ್ದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಸಂಜೆ, ಒಂದು ಎಲೆಯ ಮೇಲೆ ಹಾಕಿ ನೋಡಿ ಆಮೇಲೆ ಉಳಿದದ್ದಕ್ಕೆ. ಶಾಖ 30 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ.

ಎಲೆ ಚೆಂದ, ಹೂವಿಲ್ಲ

ಹತ್ತರಲ್ಲಿ ಎಂಟು ಸಲ ಬೆಳಕು ಸಾಲದು. ಎಲೆಯ ತೊಟ್ಟು ಉದ್ದವಾಗಿ ಎಲೆಗಳು ಮೇಲಕ್ಕೆ ಚಾಚಿದ್ದರೆ ಸಂಶಯವೇ ಬೇಡ. ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಎಲೆಯ ಮಟ್ಟದಲ್ಲಿ 8,000ದಿಂದ 12,000 ಬರಬೇಕು. ಕಿಟಕಿಯಲ್ಲಿ ಅಷ್ಟು ಸಿಗದಿದ್ದರೆ ನಾಲ್ಕಡಿಯ 20 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬ್ ಎರಡನ್ನು ಎಲೆಗಳಿಂದ 25 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ, ದಿನಕ್ಕೆ 12 ಗಂಟೆ ಉರಿಸಿ. ಟ್ಯೂಬಿನಡಿ ಲಕ್ಸ್ ಕಡಿಮೆ ಬಂದರೂ ಇಷ್ಟು ಗಂಟೆ ಸತತ ಬೆಳಕು ಅದನ್ನು ತುಂಬಿಕೊಡುತ್ತದೆ. ರಾತ್ರಿ ಕಡಿಮೆಯೆಂದರೂ ಎಂಟು ತಾಸು ಪೂರ್ತಿ ಕತ್ತಲೆ ಇರಬೇಕು. ಬೆಳಕು ಸರಿಪಡಿಸಿದ ಮೇಲೆ ಮೊಗ್ಗಿಗೆ ಆರರಿಂದ ಎಂಟು ವಾರ ಕಾಯಿರಿ. ಈ ನಡುವೆ ಹೂ ಬರಲೆಂದು ರಂಜಕ ಹೆಚ್ಚಿರುವ 0:52:34 ಗೊಬ್ಬರ ಸುರಿಯಬೇಡಿ, ಬೆಳಕಿನ ಕೊರತೆಯನ್ನು ರಂಜಕ ತುಂಬಲಾರದು.

ಬೆಳಕು ಸರಿಯಿದ್ದೂ ಹೂವಿಲ್ಲದಿದ್ದರೆ ಎಲೆಗಳ ಕಂಕುಳಲ್ಲಿ ಮರಿ ಸುಳಿ ಇದೆಯೇ ನೋಡಿ. ನಾಲ್ಕು ಎಲೆ ಬಂದ ಮೊಳಕೆ ಮರಿ, ಎರಡು ಎಲೆಯ ನಡುವೆ ಗುಂಡು ಕಾಣುವುದು ಮೊಗ್ಗು. ಮರಿಯನ್ನು ಪೆನ್ಸಿಲ್ ತುದಿಯಿಂದ ಎಬ್ಬಿಸಿ ತೆಗೆಯಿರಿ.

ಹೂವು ಬಂದರೂ ದಳದ ಮೇಲೆ ಹಳದಿ ಪರಾಗ ಚೆಲ್ಲಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಈ ಹೂವಿನ ಪರಾಗದ ಚೀಲ ತಾನಾಗಿ ಒಡೆದು ಚೆಲ್ಲುವುದಿಲ್ಲ, ಯಾರೋ ಕೊರೆದಿದ್ದಾರೆ ಎಂದೇ ಅರ್ಥ. ಎರಡು ತಿಂಗಳು ಮೊಗ್ಗು, ಹೂವು ಒಂದನ್ನೂ ಬಿಡದೆ ಚಿವುಟಿದರೆ ಅವಕ್ಕೆ ಮೇವಿಲ್ಲದಾಗುತ್ತದೆ. ಬೇರಿನಲ್ಲಿ ಬಿಳಿ ಕಾಳುಗಳು ಕಂಡರೆ ಬೆರಳಲ್ಲಿ ಒತ್ತಿ: ಗರಗರ ಎಂದರೆ ಪರ್ಲೈಟ್, ಜಿಗುಟಾಗಿ ಒಡೆದರೆ ಬೇರಿನ ಹಿಟ್ಟು ತಿಗಣೆ. ತಿಗಣೆಯಾದರೆ ಬೇರನ್ನೆಲ್ಲ ಕತ್ತರಿಸಿ, ಕೊಳೆತ ಗಿಡಕ್ಕೆ ಮಾಡಿದಂತೆ ಸುಳಿಯನ್ನು ಹೊಸದಾಗಿ ಬೇರೂರಿಸಿ.

ಎಲೆಯಿಂದ ಮತ್ತೆ ಗಿಡ

ಉಳಿಯದ ಗಿಡದಿಂದ ಎರಡನೇ ಮೂರನೇ ಸುತ್ತಿನ ಗಟ್ಟಿ ಎಲೆ ಆರಿಸಿ. ತೊಟ್ಟನ್ನು ಮೂರು ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಿ, ಅರ್ಧ ಕೊಕೊಪೀಟ್ ಅರ್ಧ ಪರ್ಲೈಟ್‌ನಲ್ಲಿ ಒಂದೂವರೆ ಸೆಂಟಿಮೀಟರ್ ಊರಿ ಡಬ್ಬಿಯಲ್ಲಿ ಮುಚ್ಚಿಡಿ. ಬೇರಿಗೆ ಮೂರು ನಾಲ್ಕು ವಾರ, ಮರಿ ಇಣುಕಲು ಎರಡರಿಂದ ಮೂರು ತಿಂಗಳು. ಮೇ ತಿಂಗಳಲ್ಲಿ ಊರಿದ ಎಲೆ ಬೇರಿಗಿಂತ ಮೊದಲು ಕೊಳೆಯುವುದೇ ಹೆಚ್ಚು. ಗಿಡ ಬೇಸಿಗೆಗೆ ಸಿಕ್ಕು ಹೋಗುತ್ತಿದೆ ಅನಿಸಿದರೆ ಶಿವರಾತ್ರಿಯೊಳಗೇ ಎರಡು ಎಲೆ ತೆಗೆದು ಊರಿಡಿ. ಮರಿಗಳನ್ನು ನಾಗರ ಪಂಚಮಿಯ ಹೊತ್ತಿಗೆ, ಅವುಗಳ ಎಲೆ ತಾಯಿ ಎಲೆಯ ಅರ್ಧದಷ್ಟಾದಾಗ, ಎರಡೂವರೆ ಇಂಚಿನ ಕುಂಡಕ್ಕೆ ಬೇರ್ಪಡಿಸಬಹುದು.